ಬಿಸಿಯಾಗದ ಸೀಟು ಮತ್ತು 58 ಡಾಲರ್‌ಗಳ ಕಾರ್ಬನ್ ಪ್ಯಾಡ್: ಎರಡು ಚಳಿಗಾಲಗಳ ನಂತರ

ಕಾರಿನ ಸೀಟಿನ ಹೊದಿಕೆಯ ಕೆಳಗೆ ಅಂಟಿಸುವ ಕಾರ್ಬನ್ ಫೈಬರ್ ಹೀಟರ್ ಕಿಟ್ ಒಂದನ್ನು 58 ಡಾಲರ್ ಕೊಟ್ಟು ಆನ್‌ಲೈನಿನಲ್ಲಿ ತರಿಸಿ, ಚಾಲಕನ ಸೀಟಿಗೆ ನಾನೇ ಅಳವಡಿಸಿ, ಎರಡು ಚಳಿಗಾಲ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಕಿಟ್‌ನಲ್ಲಿ ಬರುವ ಎರಡು ಪ್ಯಾಡ್‌ಗಳು ಕೊಟ್ಟ ಹಣಕ್ಕೆ ಮೋಸವಿಲ್ಲದ ಮಾಲು, ಅವುಗಳ ಜೊತೆಗೆ ಬರುವ ವೈರು, ಫ್ಯೂಸ್ ಹೋಲ್ಡರ್ ಮತ್ತು ಸ್ವಿಚ್ಚು ಮಾತ್ರ ಕಾರಿನೊಳಗೆ ಇರಬಾರದ ವಸ್ತುಗಳು. ಅದಕ್ಕೂ ಮೊದಲಿನ ಮಾತೆಂದರೆ, ಸೀಟು ಬಿಸಿಯಾಗದಿರಲು ಕಾರಣ ಎಲ್ಲಿದೆಯೆಂದು ವಿದ್ಯುತ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡದೆ ಈ ಕಿಟ್ ತರಿಸುವವರಲ್ಲಿ ಕೆಲವರಿಗೆ ಇದರ ಅಗತ್ಯವೇ ಇರುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಕಿಟ್‌ನ ಬಗ್ಗೆ ಎಷ್ಟಿದೆಯೋ, ಅದನ್ನು ಕೊಳ್ಳುವ ಮೊದಲು ಮಾಡಬೇಕಾದ ತಪಾಸಣೆಯ ಬಗ್ಗೆಯೂ ಅಷ್ಟೇ ಇದೆ. ಬ್ರ್ಯಾಂಡಿನ ಹೆಸರು ಬರೆಯುತ್ತಿಲ್ಲ. ಇದೇ ಪ್ಯಾಡು, ಇದೇ ದುಂಡು ಸ್ವಿಚ್ಚು, ಇದೇ ಅಚ್ಚಿನ ತಪ್ಪುಗಳಿರುವ ಸೂಚನಾ ಹಾಳೆ ಹಲವು ಹೆಸರುಗಳಲ್ಲಿ ಮಾರಾಟವಾಗುತ್ತಿರುವುದನ್ನು ನಾನೇ ನೋಡಿದ್ದೇನೆ. ಇವತ್ತು ಇರುವ ಹೆಸರು ಮುಂದಿನ ಚಳಿಗಾಲಕ್ಕೆ ಇರುತ್ತದೆಂಬ ಖಾತ್ರಿಯೂ ಇಲ್ಲ.

ನಾವು ಇರುವುದು ಅಮೆರಿಕದ ಮಿಷಿಗನ್ ರಾಜ್ಯದ ನೋವೈ ಎಂಬ ಊರಿನಲ್ಲಿ, ಡೆಟ್ರಾಯಿಟ್ ನಗರದ ವಾಯವ್ಯಕ್ಕೆ. ಕಾರು 2014ರ ಮಾದರಿಯ ಒಂದು ಜಪಾನಿ ಸೆಡಾನ್. ಬಟ್ಟೆಯ ಸೀಟು, ಮುಂದಿನ ಎರಡೂ ಸೀಟುಗಳಿಗೆ ಕಾರ್ಖಾನೆಯಿಂದಲೇ ಬಂದ ಹೀಟರ್. ಜನವರಿಯ ಒಂದು ಬೆಳಿಗ್ಗೆ, ಹೊರಗೆ ಮೈನಸ್ 14 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಚಾಲಕನ ಸೀಟಿನ ಗುಂಡಿ ಒತ್ತಿದರೆ ದೀಪ ಹತ್ತಿತು, ಮೂರು ಸೆಕೆಂಡ್ ಉಳಿಯಿತು, ಆರಿತು. ಮತ್ತೆ ಒತ್ತಿದರೂ ಅದೇ. ಪಕ್ಕದ ಸೀಟಿನಲ್ಲಿ ಹಾಸನದಿಂದ ಬಂದಿದ್ದ ಅಮ್ಮ ಒಲೆಯ ಪಕ್ಕದ ಬೆಕ್ಕಿನಂತೆ ಬೆಚ್ಚಗೆ ಕುಳಿತಿದ್ದರು. ಹಾಗಾಗಿ ಇಡೀ ವ್ಯವಸ್ಥೆ ಕೆಟ್ಟಿಲ್ಲ, ನನ್ನ ಸೀಟು ಮಾತ್ರ ಕೆಟ್ಟಿದೆ ಎಂಬ ಮೊದಲ ರೋಗಲಕ್ಷಣ ಖರ್ಚಿಲ್ಲದೆ ಸಿಕ್ಕಿತು. ಇಲ್ಲಿಯ ಚಳಿಗಾಲ ಕಂಡವರಿಗೆ ಇದು ಐಷಾರಾಮದ ವಿಷಯವಲ್ಲವೆಂದು ಹೇಳಬೇಕಾಗಿಲ್ಲ. ಎಂಜಿನ್ ಕಾದು ಒಳಗೆ ಬಿಸಿಗಾಳಿ ಬರುವಷ್ಟರಲ್ಲಿ ನನ್ನ ಆಫೀಸು ಅರ್ಧದಾರಿ ದಾಟಿರುತ್ತದೆ. ಸೀಟಿನ ಹೀಟರ್ ಬ್ಯಾಟರಿಯಿಂದ ನೇರವಾಗಿ ಕಾಯುವುದರಿಂದ ಎರಡು ನಿಮಿಷದಲ್ಲೇ ಬೆನ್ನಿಗೆ ತಿಳಿಯುತ್ತದೆ. ಅಂದಹಾಗೆ ಈ ಸೌಕರ್ಯಕ್ಕೂ ನಮ್ಮ ಸೀಮೆಗೂ ಹಳೆಯ ನಂಟಿದೆ: ಡೆಟ್ರಾಯಿಟಿನ ಜನರಲ್ ಮೋಟಾರ್ಸ್ ಕಂಪನಿ 1950ರ ದಶಕದಲ್ಲೇ ಬಿಸಿ ಸೀಟಿನ ಪೇಟೆಂಟ್ ಪಡೆದಿತ್ತು, 1966ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಅದನ್ನು ಹೆಚ್ಚುವರಿ ಹಣಕ್ಕೆ ಕೊಡತೊಡಗಿತು.

ಮೊದಲು ಹೋದದ್ದು ಡೀಲರ್ ಬಳಿಗೇ. ತಪಾಸಣೆಗೆಂದು 165 ಡಾಲರ್ ತೆಗೆದುಕೊಂಡು, ಎರಡು ಗಂಟೆಯ ನಂತರ ಅವರು ಕೊಟ್ಟ ಅಂದಾಜುಪಟ್ಟಿಯಲ್ಲಿ ಕೂರುವ ಮೆತ್ತೆಯ ಇಡೀ ಜೋಡಣೆ ಮತ್ತು ಕೂಲಿ ಸೇರಿ 1,140 ಡಾಲರ್ ಇತ್ತು. ಅದರಿಂದಲೂ ಸರಿಹೋಗದಿದ್ದರೆ ಹೀಟರನ್ನು ನಿಯಂತ್ರಿಸುವ ಕಂಟ್ರೋಲ್ ಮಾಡ್ಯೂಲ್ ಬದಲಿಸಿ ನೋಡಬೇಕಾಗಬಹುದೆಂದು ಕೌಂಟರಿನಲ್ಲಿದ್ದವರು ಬಾಯಿಮಾತಿನಲ್ಲಿ ಸೇರಿಸಿದರು. ಆ ಕಾರಿನ ಇವತ್ತಿನ ಬೆಲೆಗೆ ಹೋಲಿಸಿದರೆ ಅದು ಮೂಗಿಗಿಂತ ಮೂಗುತಿ ಭಾರವಾದ ಲೆಕ್ಕ. ನನ್ನನ್ನು ನಿಜವಾಗಿ ಕೆಣಕಿದ್ದು ಮೊತ್ತವಲ್ಲ, ‘ಬದಲಿಸಿ ನೋಡಬೇಕಾಗಬಹುದು’ ಎಂಬ ಮಾತು. ತಪಾಸಣೆಗೆ ಹಣ ಪಡೆದವರು ಕೊಡಬೇಕಾದದ್ದು ಕಾರಣವನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕಾರ್ಯಕ್ರಮಪಟ್ಟಿಯನ್ನಲ್ಲ. ಯಾವ ಭಾಗದಲ್ಲಿ ಎಷ್ಟು ಓಮ್ ಬಂತು ಎಂದು ಕೇಳಿದೆ. ಹಾಳೆಯಲ್ಲಿ ‘ಹೀಟರ್ ಓಪನ್’ ಎಂಬ ಎರಡು ಪದಗಳ ಹೊರತು, ಅಂದರೆ ಹೀಟರಿನ ತಂತಿ ಎಲ್ಲೋ ತುಂಡಾಗಿದೆ ಎಂಬುದರ ಹೊರತು, ಬೇರೇನೂ ಇರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಆ ಎರಡು ಪದಗಳು ಕೊನೆಗೆ ಸರಿಯಾಗಿಯೇ ಇದ್ದವು.

ಸೀಟಿನ ಹೀಟರಿನಲ್ಲಿ ಇರುವುದು ಬಹಳ ಸರಳವಾದ ಸಂಗತಿ. ಕೂರುವ ಮೆತ್ತೆಯಲ್ಲೊಂದು, ಬೆನ್ನಿನ ಮೆತ್ತೆಯಲ್ಲೊಂದು ಹೀಟರ್ ಹಾಸು. ಪ್ರತಿಯೊಂದರಲ್ಲೂ ಹಾವಿನಂತೆ ಹರಿದಾಡುವ ಒಂದು ತಂತಿ. ಕೂರುವ ಭಾಗದಲ್ಲಿ ಥರ್ಮಿಸ್ಟರ್ ಎಂಬ, ಕಡಲೆಬೇಳೆಗಿಂತ ಚಿಕ್ಕದಾದ ತಾಪಮಾಪಕ. ಮಾಡ್ಯೂಲ್ ಆ ಥರ್ಮಿಸ್ಟರನ್ನು ಓದುತ್ತಾ ಕರೆಂಟನ್ನು ಬಿಡುತ್ತದೆ, ಕಡಿಯುತ್ತದೆ. ನನ್ನ ಕಾರಿನಲ್ಲಿ ಎರಡು ಹಾಸುಗಳೂ ಒಂದರ ಹಿಂದೊಂದು, ಸರಣಿಯಲ್ಲಿ ಜೋಡಣೆಯಾಗಿವೆ. ಗಣೇಶನ ಪೆಂಡಾಲಿಗೆ ಕಟ್ಟುತ್ತಿದ್ದ ಹಳೆಯ ಕಾಲದ ಸೀರಿಯಲ್ ಸೆಟ್ ನೆನಪಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ಒಂದು ಬಲ್ಬು ಹೋದರೆ ಇಡೀ ಸರ ಕತ್ತಲು. ಬೆನ್ನಿನ ಭಾಗ ನೆಟ್ಟಗಿದ್ದರೂ ಕೆಳಗಿನ ತಂತಿ ತುಂಡಾದರೆ ಎರಡೂ ತಣ್ಣಗೆ. ಮಾಡ್ಯೂಲ್ ಕರೆಂಟ್ ಹರಿಯದಿರುವುದನ್ನು ಕಂಡು ಮೂರು ಸೆಕೆಂಡಿಗೆ ದೀಪ ಆರಿಸುತ್ತದೆ. ಫ್ಯೂಸು ಹೋಗಿದ್ದರೆ ದೀಪವೇ ಹತ್ತದಿರಬಹುದು ಅಥವಾ ಎರಡೂ ಸೀಟುಗಳು ಒಟ್ಟಿಗೆ ಸಾಯಬಹುದು. ಹಾಕಿದ ಫ್ಯೂಸು ಮತ್ತೆ ಮತ್ತೆ ಹೋದರೆ ಎಲ್ಲೋ ಶಾರ್ಟ್ ಇದೆಯೆಂದು ತಿಳಿದು, ದೊಡ್ಡ ಫ್ಯೂಸು ಹಾಕುವ ದುರ್ಬುದ್ಧಿಯನ್ನು ಬಿಟ್ಟು, ಹೀಟರಿನ ಕನೆಕ್ಟರನ್ನೇ ಕಳಚಿಡಬೇಕು.

ಸೀಟನ್ನು ಬಿಚ್ಚುವ ಮೊದಲು ಅದನ್ನು ಪೂರ್ತಿ ಹಿಂದಕ್ಕೆ ಸರಿಸಿ, ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದೆ. ಹೀಟರಿನ ಕನೆಕ್ಟರ್ ಕಾರ್ಪೆಟ್ಟಿನಿಂದ ನಾಲ್ಕು ಬೆರಳು ಮೇಲೆ ಇತ್ತು, ಅದರ ಅರ್ತ್ ಪಿನ್ನಿನ ಮೇಲೆ ಹಸಿರು ಪುಡಿ ಹೆಪ್ಪುಗಟ್ಟಿತ್ತು. ಇಲ್ಲಿ ಹಿಮ ಬಿದ್ದಾಗಲೆಲ್ಲ ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೇ, ಸುಮಾರು 1,200 ಅಡಿ ಆಳದಲ್ಲಿ, ದೊಡ್ಡ ಉಪ್ಪಿನ ಗಣಿ ಇದೆ. ಆ ಉಪ್ಪು ಬೂಟಿಗೆ ಅಂಟಿದ ಹಿಮದ ಜೊತೆ ಕಾರಿನೊಳಗೆ ಬಂದು, ಕರಗಿ, ಕಾರ್ಪೆಟ್ಟಿಗೆ ಇಂಗಿ, ವರ್ಷಗಟ್ಟಲೆ ಅಲ್ಲೇ ಕೂತು ತಾಮ್ರವನ್ನು ತಿನ್ನುತ್ತದೆ. ಬರಿಯ ಮಲ್ಟಿಮೀಟರ್ ಇಟ್ಟರೆ ಸಪ್ಲೈ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ 12.5 ವೋಲ್ಟ್ ತೋರಿಸಿ ಎಲ್ಲವೂ ಸರಿಯಿದೆಯೆಂದು ನಂಬಿಸುತ್ತಿತ್ತು. ಆದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ. ಸೀರೆಯಂಚಿನ ಒಂದು ಎಳೆಯಷ್ಟು ಸಂಪರ್ಕವಿದ್ದರೂ ಅದಕ್ಕೆ ಪೂರ್ತಿ ವೋಲ್ಟೇಜ್ ಕಾಣುತ್ತದೆ. ಅದಕ್ಕಾಗಿ ಹಳೆಯ 55 ವ್ಯಾಟ್ ಹೆಡ್‌ಲೈಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಅದೇ ಎರಡು ಪಿನ್ನುಗಳ ನಡುವೆ ಹಚ್ಚಿದೆ. ವೋಲ್ಟೇಜ್ 10.1ಕ್ಕೆ ಕುಸಿಯಿತು, ಬಲ್ಬು ಕಾಮಾಲೆ ಬಂದವರ ಕಣ್ಣಿನಂತೆ ಹಳದಿಯಾಗಿ ಉರಿಯಿತು. ಪಿನ್ನನ್ನು ಕಾಂಟ್ಯಾಕ್ಟ್ ಕ್ಲೀನರ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಸಡಿಲವಾಗಿದ್ದ ಹಿಡಿಕೆಯನ್ನು ಸ್ವಲ್ಪ ಬಿಗಿಮಾಡಿದ ಮೇಲೆ 12.0ಕ್ಕೆ ಏರಿತು. ಹಿಂದಿನ ಚಳಿಗಾಲದಿಂದಲೇ ನನ್ನ ಸೀಟು ಏಕೆ ಮಂದವಾಗಿ ಕಾಯುತ್ತಿತ್ತು ಎಂಬುದಕ್ಕೆ ಉತ್ತರ ಅಲ್ಲಿತ್ತು. ಗೆಳೆಯರೊಬ್ಬರ ಕಾರಿನಲ್ಲಿ ಇಡೀ ರೋಗವೇ ಇಷ್ಟಾಗಿತ್ತು. ಎಂಟು ಡಾಲರಿನ ಕ್ಲೀನರ್ ಡಬ್ಬಿಯಲ್ಲಿ ಅವರ ಸೀಟು ಗುಣವಾಯಿತು, ಅವರು ಆಗಲೇ ತರಿಸಿದ್ದ ಕಿಟ್ ವಾಪಸ್ ಹೋಯಿತು. ನನ್ನ ಅದೃಷ್ಟ ಅಷ್ಟು ಒಳ್ಳೆಯದಿರಲಿಲ್ಲ.

ಕನೆಕ್ಟರನ್ನು ಬೇರ್ಪಡಿಸಿ ಸೀಟಿನ ಕಡೆಯ ಎರಡು ಪಿನ್ನುಗಳ ನಡುವೆ ಓಮ್ ನೋಡಿದರೆ ಅನಂತ, ಅಂದರೆ ನಡುವೆ ಎಲ್ಲೋ ತಂತಿ ತುಂಡಾಗಿದೆ. ಬೆನ್ನಿನ ಹಾಸಿಗೆ ಹೋಗುವ ಪುಟ್ಟ ಕನೆಕ್ಟರನ್ನೂ ಬಿಡಿಸಿ ಬೇರೆಬೇರೆಯಾಗಿ ಅಳೆದೆ: ಬೆನ್ನಿನದು 1.3 ಓಮ್, ಕೂರುವ ಭಾಗದ್ದು ಅನಂತ. ಇಂಥ ಚಿಕ್ಕ ಅಳತೆಗಳಲ್ಲಿ ಮೀಟರಿನ ಎರಡು ಕಡ್ಡಿಗಳನ್ನು ಮೊದಲು ಒಂದಕ್ಕೊಂದು ತಾಗಿಸಿ, ವೈರುಗಳದೇ ಆದ 0.2 ಓಮನ್ನು ಕಳೆದುಕೊಳ್ಳಬೇಕು. ಇಲ್ಲದಿದ್ದರೆ ಒಂದೂವರೆ ಓಮಿನ ಹೀಟರಿನಲ್ಲಿ ಆ ತಪ್ಪು ದೊಡ್ಡದೇ ಆಗುತ್ತದೆ. ಥರ್ಮಿಸ್ಟರ್ ಐದು ಡಿಗ್ರಿಯಷ್ಟಿದ್ದ ಗ್ಯಾರೇಜಿನಲ್ಲಿ 26 ಕಿಲೋ ಓಮ್ ತೋರಿಸಿತು. ಮೆತ್ತೆಯ ಮೇಲೆ ಅಂಗೈ ಒತ್ತಿ ಹಿಡಿದರೆ ಅಂಕಿ ಮೆಲ್ಲಗೆ 20, 15, 11 ಎಂದು ಇಳಿಯತೊಡಗಿತು. ಬಿಸಿಯಾದಂತೆ ಇಳಿಯುವುದು ಅದರ ಧರ್ಮ. ಅಲ್ಲಿಗೆ ಮಾಡ್ಯೂಲು, ಸ್ವಿಚ್ಚು, ಥರ್ಮಿಸ್ಟರ್, ಬೆನ್ನಿನ ಹಾಸು ನಾಲ್ಕೂ ನಿರಪರಾಧಿಗಳೆಂದು ಖಚಿತವಾಯಿತು. ಇಷ್ಟಕ್ಕೆ ಹಿಡಿದದ್ದು ನಲವತ್ತು ನಿಮಿಷ, ಬಳಸಿದ್ದು 25 ಡಾಲರಿನ ಮೀಟರ್.

ಸೀಟನ್ನು ಬಿಚ್ಚುವುದರಲ್ಲಿ ಒಂದೇ ಒಂದು ಅಪಾಯವಿದೆ, ಅದು ಏರ್‌ಬ್ಯಾಗ್. ಬೆನ್ನಿನ ಪಕ್ಕದಲ್ಲಿ ಅಡಗಿರುವ ಸೈಡ್ ಏರ್‌ಬ್ಯಾಗಿನ ವೈರು ಸೀಟಿನ ಕೆಳಗಿನ ಹಳದಿ ಕನೆಕ್ಟರಿಗೆ ಬರುತ್ತದೆ. ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಿ ಹತ್ತು ನಿಮಿಷ ಕಾದು, ಆಮೇಲೆ ಮಾತ್ರ ಹಳದಿ ಕನೆಕ್ಟರನ್ನು ಮುಟ್ಟಬೇಕು. ಅದಕ್ಕೆ ಯಾವ ಕಾರಣಕ್ಕೂ ಮೀಟರ್ ಇಡಬಾರದು. ಅದು ಬಿಚ್ಚಿರುವಾಗ ಇಗ್ನಿಷನ್ ಹಾಕಬಾರದು, ಹಾಕಿದರೆ ಏರ್‌ಬ್ಯಾಗಿನ ಎಚ್ಚರಿಕೆ ದೀಪ ಹತ್ತಿ, ಆರಿಸಲು ಮತ್ತೆ ಡೀಲರ್ ಮುಂದೆ ನಿಲ್ಲಬೇಕಾಗುತ್ತದೆ. ಮಿಕ್ಕದ್ದು ಮೈಕೆಲಸ: ನಾಲ್ಕು ಬೋಲ್ಟ್ ತೆಗೆದು, ಸೀಟನ್ನು ಬಾಗಿಲಿನಿಂದ ಹೊರಗೆಳೆದು, ಹಳೆಯ ಜಮಖಾನದ ಮೇಲೆ ಮಗುಚಿ ಮಲಗಿಸುವುದು. ಹೊದಿಕೆಯನ್ನು ಸ್ಪಂಜಿಗೆ ಬಿಗಿದಿರುವುದು ಹಾಗ್ ರಿಂಗ್ ಎಂಬ ಉಕ್ಕಿನ ಪುಟ್ಟ ಬಳೆಗಳು. ಅವನ್ನು ಕಟರಿನಿಂದ ಕತ್ತರಿಸಿ ತೆಗೆಯಬೇಕು, ವಾಪಸ್ ಹಾಕಲು ಹೊಸ ಬಳೆಗಳೂ ಅವಕ್ಕೆಂದೇ ಇರುವ ಇಕ್ಕಳವೂ ಬೇಕು. ಇಕ್ಕಳಕ್ಕೆ ಹನ್ನೆರಡು ಡಾಲರ್ ಉಳಿಸಲು ಹೋಗಿ ಪ್ಲಾಸ್ಟಿಕ್ ಟೈ ಹಾಕುವವರಿದ್ದಾರೆ. ಅದರ ಗಂಟು ಕೂತಾಗ ತೊಡೆಗೆ ಒತ್ತುತ್ತದೆ, ಚಳಿಗೆ ಮುರಿಯಲೂಬಹುದು.

ಹೊದಿಕೆ ಸುಲಿದಾಗ ಕಂಡದ್ದನ್ನು ನಾನು ಫೋಟೋ ತೆಗೆದು ಇಟ್ಟುಕೊಂಡಿದ್ದೇನೆ. ಎಡಗಡೆಯ ಉಬ್ಬು ಅಂಚು ಮತ್ತು ನಡುವಿನ ಸಮತಟ್ಟಾದ ಭಾಗ ಸೇರುವ ಕಣಿವೆಯಲ್ಲಿ, ಬಿಳಿ ಬಟ್ಟೆಯ ಹಾಸಿನ ಮೇಲೆ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕಂದು ಕಲೆ. ಇಸ್ತ್ರಿಪೆಟ್ಟಿಗೆ ಮರೆತು ಇಟ್ಟಲ್ಲಿ ಆಗುವಂಥದೇ ಬಣ್ಣ, ಮೂಗಿಗೆ ಹಿಡಿದರೆ ಸುಟ್ಟ ಕೂದಲಿನ ವಾಸನೆ. ಕಣ್ಣಿಗೆ ಕಂಡರೂ ಸಾಕ್ಷಿ ಬೇಕೆಂದು, ಮೀಟರಿನ ಒಂದು ಕಡ್ಡಿಯನ್ನು ತಂತಿಯ ತುದಿಗೆ ಹಿಡಿದು, ಇನ್ನೊಂದಕ್ಕೆ ಮನೆಯಲ್ಲಿದ್ದ ಸೀರೆಪಿನ್ನು ಕಟ್ಟಿ, ಹಾಸಿನ ನಡುವಿನಲ್ಲಿ ತಂತಿಗೆ ಚುಚ್ಚಿದೆ. ಸಂಪರ್ಕವಿದ್ದರೆ ಮುಂದಿನ ಅರ್ಧದಲ್ಲಿ, ಇಲ್ಲದಿದ್ದರೆ ಹಿಂದಿನ ಅರ್ಧದಲ್ಲಿ ಮತ್ತೆ ನಡುವಿಗೆ. ಐದು ಸಲ ಚುಚ್ಚುವಷ್ಟರಲ್ಲಿ ಪಿನ್ನು ಕಂದು ಕಲೆಯ ಮೇಲೆಯೇ ಬಂದು ನಿಂತಿತು. ಇಲ್ಲಿಯ ಕಾರುಗಳಲ್ಲಿ ಚಾಲಕ ಕೂರುವುದು ಎಡಗಡೆ. ಒಂಬತ್ತು ವರ್ಷ, ದಿನಕ್ಕೆ ನಾಲ್ಕೈದು ಸಲ ನಾನು ಅದೇ ಎಡ ಅಂಚಿನ ಮೇಲೆ ಜಾರಿ ಹತ್ತಿಳಿದಿದ್ದೇನೆ. ಹಿಂದಿನ ಸೀಟಿನಲ್ಲಿದ್ದ ಮಗಳ ಬೆಲ್ಟ್ ಬಿಗಿಯಲು ಆ ಸೀಟಿನ ಮೇಲೆ ಮೊಣಕಾಲೂರಿದ ಲೆಕ್ಕವೇ ಇಲ್ಲ. ಸೀಟಿನ ಮೇಲೆ ಮೊಣಕಾಲು ಊರಬಾರದೆಂದು ಕಾರಿನ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ; ಓದಿದ್ದು ಮಾತ್ರ ಸೀಟು ಸುಲಿದ ಮೇಲೆ. ತಂತಿಯ ಎಳೆಗಳು ಒಂದೊಂದಾಗಿ ಕಡಿದು, ಉಳಿದ ಕೆಲವೇ ಎಳೆಗಳ ಮೇಲೆ ಇಡೀ ಕರೆಂಟು ಬಿದ್ದು, ಅಲ್ಲಿ ಅತಿಯಾಗಿ ಕಾದು, ಕೊನೆಗೆ ಪೂರ್ತಿ ತುಂಡಾಗಿತ್ತು. ಹೀಗೆ ಕೆಡುವ ಸೀಟು ಸಾಯುವ ಮೊದಲು ಒಂದು ಜಾಗದಲ್ಲಿ ಚುರುಕ್ ಎನ್ನುವಂತೆ ಸುಡುತ್ತದೆ. ನನ್ನದೂ ಸುಟ್ಟಿತ್ತು, ದಪ್ಪ ಪ್ಯಾಂಟಿನ ಮೇಲೆ ಅದನ್ನು ನಾನು ಗಮನಕ್ಕೆ ತಂದುಕೊಂಡಿರಲಿಲ್ಲ. ನಿಮ್ಮ ಸೀಟಿನಲ್ಲಿ ಅಂಥದೊಂದು ಚುರುಕು ಕಂಡರೆ ಅವತ್ತೇ ಹೀಟರ್ ಬಳಸುವುದನ್ನು ನಿಲ್ಲಿಸಿ.

ಕಿಟ್ ಕೊಳ್ಳುವ ಮೊದಲು ನಾನು ಮಾಡಿದ್ದು ತಂತಿಯ ರಿಪೇರಿ. ಬೆಸುಗೆ ಹಾಕಲು ಹೋದರೆ ಸೀಸ ಹಿಡಿಯಲೇ ಇಲ್ಲ, ಏಕೆಂದರೆ ಕೂದಲಿನಷ್ಟು ತೆಳ್ಳಗಿನ ಪ್ರತಿ ಎಳೆಗೂ ಅರಗಿನಂಥ ಲೇಪವಿತ್ತು. ಮರಳು ಕಾಗದದಿಂದ ತಿಕ್ಕಿ, ಬೆಸುಗೆಯ ಆಸೆ ಬಿಟ್ಟು, ಎರಡು ತುದಿಗಳನ್ನೂ ಹಿತ್ತಾಳೆಯ ಪುಟ್ಟ ಕೊಳವೆಯೊಳಗೆ ಸೇರಿಸಿ ಇಕ್ಕಳದಿಂದ ಅಮುಕಿ, ಮೇಲೆ ಬಿಸಿಗೆ ಕುಗ್ಗುವ ತೊಗಲು ಹಾಕಿದೆ. ಕೂರುವ ಭಾಗದ್ದು ಈಗ 1.5 ಓಮ್ ಬಂತು. ಬೆನ್ನಿನದು ಸೇರಿ 2.8. ಎಂಜಿನ್ ಓಡುವಾಗಿನ 13.8 ವೋಲ್ಟಿಗೆ ಸುಮಾರು 4.9 ಆಂಪಿಯರ್, 68 ವ್ಯಾಟ್. ಸೀಟು ಬಿಸಿಯಾಯಿತು, ಖರ್ಚು ಮೂರು ಡಾಲರ್, ನನ್ನ ಹೆಮ್ಮೆಗೆ ಮಿತಿಯಿರಲಿಲ್ಲ. ಆರು ವಾರಗಳ ಮೇಲೆ ಅದೇ ಮೂರು ಸೆಕೆಂಡಿನ ದೀಪ ಮತ್ತೆ ಬಂತು. ಕೊಳವೆ ಗಟ್ಟಿಯಾಗಿಯೇ ಇತ್ತು. ಗಟ್ಟಿಯಾದ ಕೊಳವೆಯ ಬಾಯಿಯಲ್ಲೇ ಮೆತ್ತನೆಯ ತಂತಿ ಬಾಗಿ ಬಾಗಿ ಮುರಿದಿತ್ತು. ತಂತಿ ಸಮತಟ್ಟಾದ ನಡುಭಾಗದಲ್ಲಿ ತುಂಡಾಗಿದ್ದರೆ ಈ ರಿಪೇರಿ ವರ್ಷಗಟ್ಟಲೆ ಬಾಳುತ್ತಿತ್ತೆಂದೇ ಈಗಲೂ ನಂಬಿದ್ದೇನೆ. ಮಡಿಕೆಯ ಜಾಗದಲ್ಲಾದರೆ ಆ ಶ್ರಮ ವ್ಯರ್ಥ.

ಹೀಗೆ ಕಿಟ್ ತರಿಸುವ ಸ್ಥಿತಿ ಬಂತು. ಪೆಟ್ಟಿಗೆಯಲ್ಲಿ ಸುಮಾರು 50 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲದ ಎರಡು ಕಪ್ಪು ಪ್ಯಾಡ್‌ಗಳು, ಎರಡು ಹಂತದ ಸ್ವಿಚ್ಚು, ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು), ಫ್ಯೂಸ್ ಹೋಲ್ಡರ್ ಇರುವ ವೈರಿಂಗ್. ಮೊದಲು ಬಂದ ಯೋಚನೆ ಎಲ್ಲರಿಗೂ ಬರುವಂಥದೇ: ಕೆಟ್ಟ ಕೆಳಗಿನ ಹಾಸಿನ ಜಾಗಕ್ಕೆ ಒಂದು ಪ್ಯಾಡ್ ಹಾಕಿ, ಅದರ ವೈರನ್ನು ಕಾರ್ಖಾನೆಯ ಕನೆಕ್ಟರಿಗೇ ಸೇರಿಸಿ, ಹಳೆಯ ಗುಂಡಿಯಿಂದಲೇ ನಡೆಸುವುದು. ಮಾರಾಟದ ಪುಟದಲ್ಲಿ ಕೂಡ ‘ಎಲ್ಲ ಕಾರುಗಳಿಗೂ ಹೊಂದುತ್ತದೆ’ ಎಂದಿತ್ತು. ಲೆಕ್ಕ ಹಾಕಿದರೆ ಹೊಂದುವುದಿಲ್ಲ. ಪ್ಯಾಡ್ ಒಂದೊಂದೂ 4.2 ಓಮ್, ಅದನ್ನು 1.3 ಓಮಿನ ಬೆನ್ನಿನ ಹಾಸಿನ ಜೊತೆ ಸರಣಿಯಲ್ಲಿ ಸೇರಿಸಿದರೆ ಹರಿಯುವುದು ಎರಡೂವರೆ ಆಂಪಿಯರ್ ಮಾತ್ರ. ಬೆನ್ನಿಗೆ ಎಂಟು ವ್ಯಾಟ್, ಅಂದರೆ ಇಲ್ಲವೆಂದೇ ಲೆಕ್ಕ. ಕೆಳಗೆ 26 ವ್ಯಾಟ್, ಅದೂ ಅರೆಮನಸ್ಸಿನ ಬಿಸಿ. ಕರೆಂಟ್ ಕಡಿಮೆಯಾದದ್ದನ್ನು ಕಂಡು ಮಾಡ್ಯೂಲ್ ಮತ್ತೆ ದೀಪ ಆರಿಸುವ ಸಂಭವವೂ ಇದೆ. ಹಾಗಾಗಿ ಕಾರ್ಖಾನೆಯ ವ್ಯವಸ್ಥೆಯನ್ನು ಹಾಗೆಯೇ ಕಳಚಿಟ್ಟು, ಎರಡೂ ಪ್ಯಾಡ್‌ಗಳನ್ನು ಸಮಾಂತರವಾಗಿ, ತಮ್ಮದೇ ರಿಲೇ ಮತ್ತು ಫ್ಯೂಸಿನ ಮೂಲಕ ನಡೆಸುವುದೊಂದೇ ಸರಿಯಾದ ದಾರಿ. ಇದನ್ನು ಸೂಚನಾ ಹಾಳೆಯಲ್ಲಿ ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಪ್ಯಾಡ್‌ನ ರಚನೆ ಮಾತ್ರ ಮೆಚ್ಚುವಂಥದು. ಎರಡು ಅಂಚುಗಳುದ್ದಕ್ಕೂ ತಾಮ್ರದ ಪಟ್ಟಿಗಳು, ನಡುವೆ ಅಡ್ಡಡ್ಡಕ್ಕೆ ಕಾರ್ಬನ್ನಿನ ದಾರಿಗಳು. ಒಂದು ಕಡೆ ಕಡಿದರೂ ಕರೆಂಟು ಮಿಕ್ಕ ಕಡೆಗಳಿಂದ ಹರಿಯುತ್ತದೆ. ಸೀರಿಯಲ್ ಸೆಟ್ಟಿನ ಶಾಪ ಇದಕ್ಕಿಲ್ಲ. ತಾಮ್ರದ ಪಟ್ಟಿಗಳನ್ನು ಮುಟ್ಟದೆ ನಡುವಿನಲ್ಲಿ ಅಡ್ಡ ಸೀಳಿಕೆಗಳನ್ನು ಮಾಡಿ, ಹೊದಿಕೆಯನ್ನು ಕೆಳಗೆ ಎಳೆದು ಕಟ್ಟುವ ಪಟ್ಟಿಗಳಿಗೆ ದಾರಿ ಬಿಡಬಹುದು. ಹಳೆಯ ಹಾಸನ್ನು ಕಿತ್ತು ಹಾಕದೆ, ಅದರ ಮೇಲೆಯೇ ಪ್ಯಾಡನ್ನು ಅಂಟಿಸಿದೆ. ಈ ಸಲ ಎಡದ ಕಣಿವೆಗೆ ಹೋಗದಂತೆ, ನಡುವಿನ ಸಮತಟ್ಟಾದ ಭಾಗಕ್ಕಷ್ಟೇ ಸೀಮಿತಗೊಳಿಸಿದೆ. ಅಂಚಿನ ಬಿಸಿ ತಪ್ಪಿತು, ನನಗೆ ಅದರ ಕೊರತೆ ಕಂಡಿಲ್ಲ. ಬೆನ್ನಿನ ಪ್ಯಾಡನ್ನು ಸೈಡ್ ಏರ್‌ಬ್ಯಾಗಿನ ಕಡೆಯ ಅಂಚಿನಿಂದ ಅಂಗೈಯಗಲ ದೂರ ಇಟ್ಟೆ. ಎರಡು ಚಳಿಗಾಲಗಳ ನಂತರ ಮೊನ್ನೆ ಅಳೆದಾಗಲೂ ಎರಡೂ ಪ್ಯಾಡ್ 4.2 ಓಮ್‌ಗಳಲ್ಲೇ ಇವೆ. ಇನ್ಫ್ರಾರೆಡ್ ಥರ್ಮಾಮೀಟರಿನಲ್ಲಿ ಒಂದು ಮೂಲೆಯಿಂದ ಇನ್ನೊಂದಕ್ಕೆ ಮೂರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿಲ್ಲ. ಒಟ್ಟು 90 ವ್ಯಾಟ್ ಆಗುವುದರಿಂದ ಕಾರ್ಖಾನೆಯ ಹೀಟರಿಗಿಂತ ಬೇಗ ಕಾಯುತ್ತದೆ.

ಬೇಗ ಕಾಯುವುದೇ ನನ್ನ ಮೊದಲ ಆಕ್ಷೇಪಕ್ಕೂ ಕಾರಣ. ‘ಹೈ’ ಹಂತದಲ್ಲಿ ಖಾಲಿ ಸೀಟಿನ ಮೇಲ್ಮೈ ಆರು ನಿಮಿಷಕ್ಕೆ 48 ಡಿಗ್ರಿ ತಲುಪುತ್ತದೆ, ಅಲ್ಲಿಯೇ ನಿಲ್ಲುತ್ತದೆ. ಸ್ವತಃ ಇಳಿಯುವ ಟೈಮರ್ ಇಲ್ಲ. 44 ಡಿಗ್ರಿಯ ಬಿಸಿ ಒಂದೇ ಜಾಗಕ್ಕೆ ಆರು ಗಂಟೆ ತಾಗಿದರೂ ಚರ್ಮ ಸುಡುತ್ತದೆ. ಅಲ್ಲಿಂದ ಒಂದೊಂದು ಡಿಗ್ರಿ ಏರಿದಂತೆ ಆ ಸಮಯ ಸುಮಾರು ಅರ್ಧರ್ಧವಾಗುತ್ತಾ ಹೋಗುತ್ತದೆಂಬುದು ವೈದ್ಯಕೀಯದಲ್ಲಿ 1947ರಿಂದ ತಿಳಿದಿರುವ ವಿಷಯ. ಆರೋಗ್ಯವಂತರು ಚುರುಕು ತಾಗಿದ ಕೂಡಲೇ ಗುಂಡಿ ಒತ್ತುತ್ತಾರೆ. ಸಕ್ಕರೆ ಕಾಯಿಲೆಯಿಂದ ನರಗಳ ಸ್ಪರ್ಶ ಮಂದವಾದವರಿಗೆ, ಬೆನ್ನುಹುರಿಗೆ ಪೆಟ್ಟಾದವರಿಗೆ ಆ ಚುರುಕು ತಿಳಿಯುವುದೇ ಇಲ್ಲ. ಸೀಟಿನಿಂದ ಸುಟ್ಟ ಗಾಯಗಳಾದ ಇಂಥವರ ಪ್ರಕರಣಗಳನ್ನು ಮುಂದಿಟ್ಟುಕೊಂಡೇ 2011ರಲ್ಲಿ ಸುರಕ್ಷತಾ ಹೋರಾಟಗಾರರು ಗರಿಷ್ಠ ತಾಪಕ್ಕೆ ಮಿತಿ ಹಾಕುವಂತೆ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯನ್ನು ಕೇಳಿದ್ದರು. ನನ್ನ ಅಮ್ಮನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆಯಿದೆ, ಪಾದದ ಸ್ಪರ್ಶ ಕಡಿಮೆಯಾಗಿದೆ. ಈ ಕಿಟ್‌ನ ‘ಹೈ’ ಹಂತದ ಮೇಲೆ ಅವರನ್ನು ನಾನು ಕೂರಿಸಲಾರೆ. ‘ಲೋ’ ಹಂತ 37 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ, ಅದರ ಬಗ್ಗೆ ದೂರಿಲ್ಲ. ನಾನು ಬಳಸುವುದೂ ಹೆಚ್ಚಾಗಿ ಅದನ್ನೇ.

ಎರಡನೆಯ ಆಕ್ಷೇಪ ವೈರಿಂಗಿನದು, ಇದು ಆಕ್ಷೇಪಕ್ಕಿಂತ ದೊಡ್ಡದು. ಅಳವಡಿಸುವ ಮೊದಲು ಅನುಮಾನದಿಂದ ಒಂದು ವೈರಿನ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿದೆ: ಹೊರಗೆ ಕೆಂಪು, ಒಳಗೆ ಬೆಳ್ಳಗೆ. ತಾಮ್ರದ ಲೇಪ ಹಚ್ಚಿದ ಅಲ್ಯುಮಿನಿಯಂ. ಅದೇ ದಪ್ಪದ ತಾಮ್ರಕ್ಕಿಂತ ಇದು ಹೆಚ್ಚು ಕಾಯುತ್ತದೆ, ಬಾಗಿದಲ್ಲಿ ಬೇಗ ಮುರಿಯುತ್ತದೆ, ಉಪ್ಪು ನೀರು ತಾಗಿದರೆ ಬಿಳಿ ಪುಡಿಯಾಗುತ್ತದೆ. ಆದರೂ ಪರೀಕ್ಷೆಗೆಂದು ಗ್ಯಾರೇಜಿನ ನೆಲದ ಮೇಲೆ ಎಲ್ಲವನ್ನೂ ಜೋಡಿಸಿ ಅರ್ಧ ಗಂಟೆ ನಡೆಸಿದೆ. 6.6 ಆಂಪಿಯರ್ ಹರಿಯುವಾಗ ಫ್ಯೂಸ್ ಹೋಲ್ಡರಿನ ಪ್ಲಾಸ್ಟಿಕ್ಕು ಕೈಯಲ್ಲಿ ಹಿಡಿಯಲಾರದಷ್ಟು ಕಾದು, ಒತ್ತಿದರೆ ಬೆರಳಿನ ಗುರುತು ಉಳಿಯುವಷ್ಟು ಮೆತ್ತಗಾಗಿತ್ತು. ಇಂಥದನ್ನು ಕಾರ್ಪೆಟ್ಟಿನ ಕೆಳಗೆ ಹುದುಗಿಸಿ ಅದರ ಮೇಲೆ ಕುಟುಂಬವನ್ನು ಕೂರಿಸಿಕೊಂಡು ಓಡಾಡಬೇಕೆಂದು ಕಂಪನಿ ಬಯಸುತ್ತದೆ. ನಾನು ಇಡೀ ವೈರಿಂಗನ್ನು ಬದಿಗಿಟ್ಟು, 2 ಚದರ ಮಿಲಿಮೀಟರಿನ ಅಪ್ಪಟ ತಾಮ್ರದ ವೈರು, ಒಳ್ಳೆಯ ಹೋಲ್ಡರಿನಲ್ಲಿ 10 ಆಂಪಿಯರ್ ಫ್ಯೂಸು, ಹೊಸ ರಿಲೇ ತಂದು, 22 ಡಾಲರಿನಲ್ಲಿ ಹೊಸದಾಗಿ ಕಟ್ಟಿದೆ. ರಿಲೇಯನ್ನು ಇಗ್ನಿಷನ್ ಹಾಕಿದಾಗ ಮಾತ್ರ ಜೀವ ಬರುವ ಸರ್ಕಿಟಿಗೆ ಸೇರಿಸಿದ್ದರಿಂದ, ಗುಂಡಿ ಆರಿಸಲು ಮರೆತರೂ ರಾತ್ರಿ ಬ್ಯಾಟರಿ ಬರಿದಾಗುವುದಿಲ್ಲ. ಕಿಟ್‌ನ ಹಾಳೆಯಲ್ಲಿರುವ ಚಿತ್ರ ವೈರನ್ನು ನೇರವಾಗಿ ಬ್ಯಾಟರಿಗೆ ತೋರಿಸುತ್ತದೆ. ಅದನ್ನು ಹಾಗೆಯೇ ಅನುಸರಿಸಿದವರು ಒಂದು ಬೆಳಿಗ್ಗೆ ಜಂಪರ್ ಕೇಬಲ್ ಹುಡುಕುತ್ತಾರೆ.

ಕಿಟ್‌ನ ಸ್ವಿಚ್ಚನ್ನು ಮಾತ್ರ ಉಳಿಸಿಕೊಂಡಿದ್ದೆ. ಅದರ ಸುತ್ತಲಿನ ನೀಲಿ ದೀಪ ರಾತ್ರಿಯಲ್ಲಿ ಮದುವೆ ಮನೆಯ ಸೀರಿಯಲ್ ಲೈಟನ್ನೂ ನಾಚಿಸುವಂತಿದ್ದು, ಅದರ ಮೇಲೆ ಕಪ್ಪು ಟೇಪಿನ ತುಂಡು ಅಂಟಿಸಬೇಕಾಯಿತು. ಎರಡನೆಯ ಚಳಿಗಾಲದ ಕೊನೆಯಲ್ಲಿ ‘ಲೋ’ ಹಂತ ಒಮ್ಮೊಮ್ಮೆ ಹಿಡಿಯದಾಗಿದೆ. ಎರಡು ಸಲ ಒತ್ತಿದರೆ ಬರುತ್ತದೆ.

ಪಕ್ಕದ ಸೀಟಿಗೂ ಇದೇ ಕಿಟ್ ಹಾಕಬಹುದೇ ಎಂದು ಕೇಳಿದ ಇಬ್ಬರು ಗೆಳೆಯರಿಗೆ ಬೇಡವೆಂದೇ ಹೇಳಿದ್ದೇನೆ. ಅಮೆರಿಕದ ಇತ್ತೀಚಿನ ಕಾರುಗಳಲ್ಲಿ ಮುಂದಿನ ಪ್ರಯಾಣಿಕರ ಸೀಟಿನಡಿ ಕೂತವರು ದೊಡ್ಡವರೋ ಮಗುವೋ ಎಂದು ತೂಕದಿಂದ ಅಳೆದು ಏರ್‌ಬ್ಯಾಗನ್ನು ಸಿದ್ಧವಿಡುವ ಅಥವಾ ತಡೆಯುವ ಸಂವೇದಕವಿರುತ್ತದೆ. ಕೆಲವು ಕಾರುಗಳಲ್ಲಿ ಅದು ಮೆತ್ತೆಯ ಸ್ಪಂಜಿನಲ್ಲೇ ಇದ್ದು, ಮೆತ್ತೆಯೊಡನೆ ಹೊಂದಿಸಿ ಮಾಪನ ಮಾಡಿರುತ್ತಾರೆ. ಅದರ ಮೇಲೆ ನಮ್ಮ ಕೈಯಾರೆ ಇನ್ನೊಂದು ಪದರ ಸೇರಿಸಿ ಅದರ ಲೆಕ್ಕ ತಪ್ಪಿಸುವುದು 1,100 ಡಾಲರ್ ಉಳಿಸಲು ತೆತ್ತುಕೊಳ್ಳುವ ಬೆಲೆಯಲ್ಲ. ಆ ಸೀಟಿನ ಹೀಟರ್ ಕೆಟ್ಟ ದಿನ ನಾನು ಡೀಲರ್ ಕೇಳಿದಷ್ಟು ಕೊಡುತ್ತೇನೆ. ಕೊಡುವ ಮೊದಲು, ಮಿಷಿಗನ್ನಿನ ವಾಹನ ರಿಪೇರಿ ಕಾನೂನು ಕೊಟ್ಟಿರುವ ಹಕ್ಕಿನಂತೆ, ಬದಲಿಸಿದ ಹಳೆಯ ಭಾಗವನ್ನು ನನಗೇ ಹಿಂದಿರುಗಿಸಬೇಕೆಂದು ಕೇಳಿ ಪಡೆದು, ಅದು ಎಲ್ಲಿ ಕಡಿದಿದೆಯೆಂದು ನೋಡುತ್ತೇನೆ. ಚಾಲಕನ ಸೀಟಿಗೂ ಸ್ವತಃ ಕೈಹಾಕಲು ಧೈರ್ಯವಿಲ್ಲದವರು ಕಾರಿನ ಸೀಟು ಹೊಲಿಯುವ ಅಂಗಡಿಗೆ ಹೋಗಬಹುದು. ಪ್ಯಾಡ್ ನಾವೇ ತಂದುಕೊಟ್ಟರೆ ಅಳವಡಿಸಲು ನಮ್ಮ ಕಡೆಯ ಒಬ್ಬರು ಹೇಳಿದ್ದು 200 ಡಾಲರ್. ಸೀಟಿನ ಮೇಲೆ ಹೊದಿಸಿ ಸಿಗರೇಟ್ ಲೈಟರಿಗೆ ಚುಚ್ಚುವ 30 ಡಾಲರಿನ ಹೊದಿಕೆಗಳನ್ನೂ ಒಂದು ವಾರ ಬಳಸಿ ನೋಡಿದೆ: ಜಾರುತ್ತವೆ, ಬೆನ್ನಿನ ಪಕ್ಕದ ಏರ್‌ಬ್ಯಾಗಿಗೆ ಅಡ್ಡ ಬರುತ್ತವೆ, ವಾಪಸ್ ಮಾಡಿದೆ.

ನನ್ನ ಲೆಕ್ಕದಲ್ಲಿ ಕಿಟ್ 58, ವೈರು, ರಿಲೇ ಮತ್ತು ಫ್ಯೂಸ್ 22, ಹಾಗ್ ರಿಂಗ್ ಮತ್ತು ಇಕ್ಕಳ 15, ಕ್ಲೀನರ್ 8, ಫಲ ಕೊಡದ ರಿಪೇರಿಗೆ 3. ಒಟ್ಟು 106 ಡಾಲರ್, ಎರಡು ಭಾನುವಾರ. ಡೀಲರಿಗೆ ಕೊಟ್ಟ 165ನ್ನು ಸೇರಿಸಿಲ್ಲ, ಅದನ್ನು ನಾನು ಬೇರೆ ಖಾತೆಯಲ್ಲಿ ಬರೆದುಕೊಂಡಿದ್ದೇನೆ. ಪ್ಯಾಡ್‌ಗಳಿಗೆ ಐದರಲ್ಲಿ ನಾಲ್ಕೂವರೆ ನಕ್ಷತ್ರ, ವೈರಿಂಗಿಗೆ ಒಂದು, ಸೂಚನಾ ಹಾಳೆಗೆ ಸೊನ್ನೆ. ಅಂಗಡಿಯ ಪುಟ ಒಂದೇ ಅಂಕಿ ಕೇಳುವುದರಿಂದ ಮೂರು ಕೊಟ್ಟಿದ್ದೇನೆ. ಪ್ಯಾಡ್ ಮಾತ್ರ ಬಿಡಿಯಾಗಿ ಸಿಗುವುದಾದರೆ ಅದನ್ನೇ ಕೊಳ್ಳಿ. ಬದಲಿ ಸ್ವಿಚ್ಚೊಂದನ್ನು, ನೀಲಿ ದೀಪವಿಲ್ಲದ್ದನ್ನು, ಒಂಬತ್ತು ಡಾಲರಿಗೆ ತರಿಸಿ ಗ್ಯಾರೇಜಿನಲ್ಲಿ ಇಟ್ಟಿದ್ದೇನೆ. ಅಮ್ಮ ಮತ್ತೆ ಬರುವ ಡಿಸೆಂಬರಿನೊಳಗೆ ಹಾಕಬೇಕು.